ಅಪ್ಪಯ್ಯನ ಬೆನ್ನ ಮೇಲೆ ಕುಟ್ಟಿದ ಸುಳ್ಳು

ಕಳೆದ ವಾರ ನನ್ನ ಸೊಸೆ ಬಟ್ಟೆ ಒಣಗಿಸಲಿಕ್ಕೆ ಒಂದು ಸ್ಟೀಲಿನ ಸ್ಟ್ಯಾಂಡು ತಂದಳು. ಮಡಚಬಹುದು, ಕೆಳಗೆ ಚಕ್ರ ಇದೆ, ವೆರಿ ಸ್ಮಾರ್ಟ್. ಹಿತ್ತಲಿನಲ್ಲಿ ಎರಡು ತೆಂಗಿನಮರಗಳ ನಡುವೆ ಇಷ್ಟು ವರ್ಷ ಬಿಗಿದಿದ್ದ ಕರಿಯ ವಯರನ್ನು ಬಿಚ್ಚಿ, ಸುರುಳಿ ಸುತ್ತಿ, ಗುಜರಿಯವನಿಗೆಂದು ಗೇಟಿನ ಹತ್ತಿರ ಇಟ್ಟಿದ್ದಳು. ನಾನು ಹೋಗಿ ಅದನ್ನು ಎತ್ತಿಕೊಂಡು ಬಂದು ನನ್ನ ಮಂಚದಡಿಗೆ ತಳ್ಳಿದೆ. "ಅತ್ತೆ, ಒಂದು ವಯರಿಗಾ?" ಎಂದು ಕೇಳಿದಳು. ಒಳ್ಳೆಯ ಹುಡುಗಿ, ಅಷ್ಟೇ ಕೇಳಿ ಒಳಗೆ ಹೋದಳು. ಈ ಪ್ರಾಯದಲ್ಲಿ ಉತ್ತರಗಳು ಎರಡು ದಿನ ಲೇಟಾಗಿ ಬರುತ್ತವೆ, ನಮ್ಮ ಕಾಲದ ಟ್ರಂಕ್ ಕಾಲಿನ ಹಾಗೆ.

ಅದು ವಯರಲ್ಲ, ಮಿಲಿಟರಿಯ ಫೀಲ್ಡ್ ಕೇಬಲ್. ಯುದ್ಧಭೂಮಿಯಲ್ಲಿ ಟೆಲಿಫೋನಿಗೆಂದು ನೆಲದ ಮೇಲೆ ಎಳೆಯುವಂಥದ್ದು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಬೊಂಬಾಯಿಯಲ್ಲಿ ಸೈನ್ಯದ ಹಳೆಯ ಸಾಮಾನು ಮಾರುವ ಡಿಸ್ಪೋಸಲ್ ಅಂಗಡಿಯಲ್ಲಿ ಅದರ ಒಂದು ಉರುಳೆ ಕಂಡು ನಮ್ಮ ಅಪ್ಪಯ್ಯನಿಗೆ ಹಳೆಯ ಸ್ನೇಹಿತ ಸಿಕ್ಕಿದಷ್ಟು ಖುಷಿಯಾಗಿ ಹೊತ್ತುಕೊಂಡು ಬಂದಿದ್ದರಂತೆ. ಕುಂದಾಪುರದ ಹತ್ತಿರ ಬೀಜಾಡಿಯ ನನ್ನ ತವರುಮನೆಯಲ್ಲಿ ಆ ಕೇಬಲ್ ಮಾಡದ ಕೆಲಸವಿರಲಿಲ್ಲ. ಕರು ಕಟ್ಟುವುದು ಅದರಲ್ಲಿ, ಹಲಸಿನಕಾಯಿ ಇಳಿಸುವುದು ಅದರಲ್ಲಿ, ಬಾವಿಗೆ ಬಿದ್ದ ಕೊಡ ಎತ್ತುವುದೂ ಅದರಲ್ಲಿ. ಟೆಲಿಫೋನ್ ಒಂದು ಬಿಟ್ಟು ಮತ್ತೆಲ್ಲದಕ್ಕೂ ಬಂತು. ಅಪ್ಪಯ್ಯ ಮಾತ್ರ ಅದನ್ನು ಹಗ್ಗ ಎಂದವರಲ್ಲ. ಮಳೆ ಹನಿದರೆ ಅಂಗಳದಿಂದಲೇ ಅಮ್ಮನಿಗೆ ಲೈನ್ ಮೇಲೆ ಸೀರೆ ಉಂಟು ಎಂದು ರಿಪೋರ್ಟ್ ಮಾಡುತ್ತಿದ್ದರು.

ಊರಿನವರು ಅವರನ್ನು ಕರೆಯುತ್ತಿದ್ದದ್ದು ಸಿಗ್ನಲ್ ಶೆಟ್ರು ಎಂದು. ಮೊದಲನೆಯ ಮಹಾಯುದ್ಧ ಮುಗಿದು ಎರಡನೆಯದು ಇನ್ನೂ ಶುರುವಾಗದ ನಡುವಿನ ಕಾಲದಲ್ಲಿ ಅವರು ಸೈನ್ಯದ ಸಿಗ್ನಲ್ ವಿಭಾಗದಲ್ಲಿದ್ದವರು. ಜಬಲ್ಪುರದಲ್ಲಿ ಟ್ರೇನಿಂಗ್, ಆಮೇಲೆ ವಾಯವ್ಯದ ಗಡಿಯ ಬೋಳು ಗುಡ್ಡಗಳಲ್ಲಿ ಕೆಲಸ. ನಮ್ಮ ಮನೆಯಲ್ಲಿ ಮಕ್ಕಳಿಗೆ ಪುರಾಣಕ್ಕಿಂತ ಮೊದಲು ಗೊತ್ತಾದದ್ದು ಆ ಗುಡ್ಡಗಳ ಕಥೆ.

ಅವರು ಸೇರಿದಾಗ ಸಂದೇಶ ಕಳಿಸುತ್ತಿದ್ದದ್ದು ಬಾವುಟ ಬೀಸಿ. ಅದಲ್ಲದಿದ್ದರೆ ಕನ್ನಡಿ ಹಿಡಿದು. ಹೌದು, ಕನ್ನಡಿ. ಮೂರು ಕಾಲಿನ ಮೇಲೆ ಒಂದು ದುಂಡು ಕನ್ನಡಿ ನಿಲ್ಲಿಸಿ, ಬಿಸಿಲನ್ನು ಆಚೆಯ ಗುಡ್ಡದ ಕಡೆಗೆ ಮಿಂಚಿಸುವುದು. ಸಣ್ಣ ಮಿಂಚು, ದೊಡ್ಡ ಮಿಂಚು, ಅಷ್ಟರಲ್ಲೇ ಇಡೀ ಎ ಬಿ ಸಿ ಡಿ. ಮೋಡ ಬಂದರೆ ಯುದ್ಧಕ್ಕೂ ರಜೆಯಾ ಎಂದು ನಾನು ಕೇಳುತ್ತಿದ್ದೆ. ಅವರು ಸೀರಿಯಸ್ಸಾಗಿ, ಮೋಡ ಬಂದರೆ ದೀಪ, ದೀಪ ಕಾಣದಿದ್ದರೆ ಕೇಬಲ್, ಕೇಬಲನ್ನು ಯಾರಾದರೂ ಕತ್ತರಿಸಿದರೆ ಓಡುವ ಮನುಷ್ಯ ಎನ್ನುತ್ತಿದ್ದರು. ಗುಡ್ಡದವರು ಕೇಬಲ್ ಕತ್ತರಿಸಿಕೊಂಡು ಹೋಗುತ್ತಿದ್ದದ್ದು ಯುದ್ಧತಂತ್ರಕ್ಕಲ್ಲವಂತೆ, ಆಡು ಕಟ್ಟಲಿಕ್ಕಂತೆ. ನಾವು ಕರು ಕಟ್ಟಿದ್ದರಲ್ಲಿ ಅಂಥ ಅಪರಾಧವೇನಿಲ್ಲ ಎಂದು ನನಗೆ ಸಮಾಧಾನ.

ಆಮೇಲೆ ಬಂತು ವಯರ್‌ಲೆಸ್ಸು. ಎರಡು ಹೇಸರಗತ್ತೆಗಳ ಮೇಲೆ ಬಂತು. ಒಂದರ ಮೇಲೆ ಸೆಟ್ಟು, ಇನ್ನೊಂದರ ಮೇಲೆ ಬ್ಯಾಟರಿ. ಒಳಗಿನ ಗಾಜಿನ ವಾಲ್ವುಗಳನ್ನು ಕೋಳಿಮೊಟ್ಟೆಯ ಹಾಗೆ ಹತ್ತಿಯಲ್ಲಿ ಸುತ್ತಿ ಒಯ್ಯಬೇಕು. ಬ್ಯಾಟರಿಯ ಹೇಸರಗತ್ತೆ ಹಟ ಮಾಡಿ ನಿಂತರೆ ಆ ದಿನ ಸಾಮ್ರಾಜ್ಯಕ್ಕೆ ಮಾತಿಲ್ಲ. ದೊರೆಗಳಿಗೆ ಆ ಪೆಟ್ಟಿಗೆಯ ಮೇಲೆ ನಂಬಿಕೆಯೂ ಇರಲಿಲ್ಲವಂತೆ. ವಯರ್‌ಲೆಸ್ಸಿನಲ್ಲಿ ಕಳಿಸಿದ್ದನ್ನೇ ಒಂದು ಚೀಟಿಯಲ್ಲಿ ಬರೆದು ಓಟದವನ ಕೈಯಲ್ಲೂ ಕಳಿಸುತ್ತಿದ್ದರು. ಒಂದು ಸಲ ಓಟದವನೇ ಮೊದಲು ಮುಟ್ಟಿ, ಅಲ್ಲಿಯ ಆಪರೇಟರಿಗೆ ಇಗೋ ನಿನಗೆ ಈಗ ವಯರ್‌ಲೆಸ್ ಬರುತ್ತದೆ ನೋಡು ಎಂದು ಹೇಳಿ ಕೂತನಂತೆ. ಇದನ್ನು ಹೇಳಿ ಅಪ್ಪಯ್ಯ ಒಬ್ಬರೇ ನಗುತ್ತಿದ್ದರು. ಅವರ ರಜೆಯ ದಿನಗಳಲ್ಲಿ ಬೊಂಬಾಯಿಯೂ ಬದಲಾಗುತ್ತಿತ್ತು. ಒಂದು ವರ್ಷ ಹೋಟೆಲಿನ ಎದುರು ಜನ ಗುಂಪಾಗಿ ನಿಂತಿದ್ದಾರೆ, ಜಗಳವೋ ಎಂದು ಇಣುಕಿದರೆ ಒಳಗೆ ಒಂದು ರೇಡಿಯೋ ಹಾಡುತ್ತಿದೆ. ಮತ್ತೊಂದು ವರ್ಷ ಹೋದಾಗ, ಇಲ್ಲಿಂದ ಲಂಡನ್ನಿಗೆ ಫೋನಿನಲ್ಲಿ ಮಾತಾಡಬಹುದು ಎಂಬ ಸುದ್ದಿ. ಕನ್ನಡಿ ಹಿಡಿದು ಕಣ್ಣು ಸಣ್ಣಗೆ ಮಾಡಿಕೊಂಡಿದ್ದ ಮನುಷ್ಯನ ಎದುರಿಗೇ ಇಷ್ಟೆಲ್ಲ ಆಗಿಹೋಯಿತು. ಹತ್ತು ಹದಿನೈದು ವರ್ಷದಲ್ಲಿ ಲೋಕಕ್ಕೆ ಬಾಯಿ ಬಂತು ಮಗಾ ಎನ್ನುತ್ತಿದ್ದರು.

ಸಿಗ್ನಲಿನವರ ಇನ್ನೊಂದು ಅಭ್ಯಾಸ ಹೇಳಬೇಕು. ಫೋನಿನಲ್ಲಿ ಅಕ್ಷರಗಳು ಗೊಂದಲವಾಗಬಾರದೆಂದು ಅವರಿಗೆ ಪ್ರತಿ ಅಕ್ಷರಕ್ಕೂ ಒಂದು ಹೆಸರು ಇರುತ್ತಿತ್ತು. ಎ ಅಂದರೆ ಆ್ಯಕ್, ಬಿ ಅಂದರೆ ಬಿಯರ್, ಸಿ ಅಂದರೆ ಚಾರ್ಲಿ. ಸ್ಲೇಟು ಹಿಡಿಯುವ ಮೊದಲೇ ಅಪ್ಪಯ್ಯ ನನಗೆ ಇದನ್ನು ಬಾಯಿಪಾಠ ಮಾಡಿಸಿದ್ದರು. ಕುಂದಾಪುರದಲ್ಲಿ ಕಾನ್ವೆಂಟಿಗೆ ಸೇರಿದ ಮೊದಲ ವಾರ ಸಿಸ್ಟರ್ ಇವಾಂಜಲಿನ್ ಎ ಫಾರ್ ಎಂದು ಕೇಳಿದರು. ಆ್ಯಕ್ ಎಂದೆ. ಅವರಿಗೆ ಅರ್ಥವಾಗಲಿಲ್ಲ. ಬಿ ಫಾರ್? ಬಿಯರ್ ಎಂದೆ, ಗಟ್ಟಿಯಾಗಿ, ಗೊತ್ತಿರುವವಳ ಠೀವಿಯಲ್ಲಿ. ಅದು ಮಾತ್ರ ಚೆನ್ನಾಗಿ ಅರ್ಥವಾಯಿತು. ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ನಿಂತೆ. ಸಂಜೆ ಮನೆಗೆ ಒಂದು ಚೀಟಿಯೂ ಬಂತು. ಅಪ್ಪಯ್ಯ ಅದರ ಹಿಂದೆಯೇ ಮುತ್ತು ಪೋಣಿಸಿದಂಥ ಅಕ್ಷರದಲ್ಲಿ, ಮೇಡಮ್, ಬಿಯರ್ ಈಸ್ ಅಫಿಶಿಯಲ್ ಎಂದು ಬರೆದು ಸಹಿ ಹಾಕಿ ಕಳಿಸಿದರು. ಸಿಸ್ಟರ್ ಆ ವರ್ಷವಿಡೀ ನಮ್ಮ ಕುಟುಂಬಕ್ಕಾಗಿ ಪ್ರೇಯರ್ ಮಾಡಿರಬೇಕು.

ನೋಡಿ, ನಾನು ಹೇಳಹೊರಟದ್ದು ಇದಲ್ಲ.

ನನಗೆ ಹನ್ನೆರಡೋ ಹದಿಮೂರೋ ಇದ್ದಾಗ, ಸಾವಿರದ ಒಂಬೈನೂರ ಅರವತ್ತರ ಆಚೀಚೆ, ನಮ್ಮ ಮನೆಯಲ್ಲಿ ಬ್ಯಾಟರಿಯ ರೇಡಿಯೋ ಒಂದಿತ್ತು. ದಿನಾ ಸಂಜೆ ನ್ಯೂಸಿನ ಹೊತ್ತಿಗೆ ಅಪ್ಪಯ್ಯ ಅದರ ಪಕ್ಕದ ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಚಿ, ಆಗಾಗ ತಲೆದೂಗುತ್ತ ಕೇಳುತ್ತಿದ್ದರು. ಒಂದು ದಿನ ನಾನು ಹತ್ತಿರದಲ್ಲೇ ಹೋಮ್‌ವರ್ಕ್ ಮಾಡುತ್ತಿದ್ದೆ. ಮನೆ ಇಷ್ಟು ಸೈಲೆಂಟ್ ಯಾಕಿದೆ ಎಂದು ತಲೆಯೆತ್ತಿದರೆ, ಅಪ್ಪಯ್ಯ ಕಣ್ಣು ಮುಚ್ಚಿ ತಲೆದೂಗುತ್ತಿದ್ದಾರೆ, ರೇಡಿಯೋದಿಂದ ಸದ್ದೇ ಇಲ್ಲ. ಬ್ಯಾಟರಿ ಎರಡು ದಿನದ ಹಿಂದೆಯೇ ಮುಗಿದಿತ್ತು. ನಾನು ಎದುರು ಹೋಗಿ ನಿಂತೆ. ಅವರು ಕಣ್ಣು ಬಿಟ್ಟು ನನ್ನ ಮುಖ ನೋಡಿದರು, ರೇಡಿಯೋ ನೋಡಿದರು.

"ಬ್ಯಾಟ್ರಿ ಸತ್ತ್ ಎಷ್ಟ್ ದಿನ ಆಯ್ತ್ ಮಗಾ?"

ಎರಡು ಬೆರಳು ತೋರಿಸಿದೆ. ಆವತ್ತು ಗೊತ್ತಾಯಿತು. ಗಡಿಯಲ್ಲಿ ಹೆಡ್‌ಫೋನ್ ಕಟ್ಟಿಕೊಂಡು ಕೂತಿದ್ದಾಗ ಲೈನಿಗೆ ಸಿಡಿಲು ಬಡಿದು ಬಲಗಿವಿ ಆಗಲೇ ಹೋಗಿತ್ತಂತೆ. ಸೈನ್ಯ ಅವರನ್ನು ಮನೆಗೆ ಕಳಿಸಿದ್ದೂ ಅದಕ್ಕೇ. ಊರಿನಲ್ಲಿ ಅವಧಿ ಮುಗಿಯಿತು ಎಂದು ಹೇಳಿಕೊಂಡಿದ್ದರು. ಎಡಗಿವಿ ನಿಧಾನವಾಗಿ, ವರ್ಷಕ್ಕಿಷ್ಟು ಎಂಬಂತೆ ಹೋಗುತ್ತ ಬಂದು ಈಗ ಅದೂ ಇಲ್ಲ. ಎದುರು ನಿಂತವರ ತುಟಿ ನೋಡಿಯೇ ಮಾತು ತಿಳಿಯುವ ವಿದ್ಯೆ ಕಲಿತುಬಿಟ್ಟಿದ್ದರು. ಅಮ್ಮನಿಗೆ ಹೇಗೆ ಗೊತ್ತಾಗಲಿಲ್ಲ ಎಂದು ನೀವು ಕೇಳಬಹುದು. ಆ ಕಾಲದ ಗಂಡಂದಿರು ಕಿವಿ ಕೇಳಿಸಿದರೂ ಉತ್ತರ ಕೊಡುತ್ತಿರಲಿಲ್ಲವಲ್ಲ.

ಯಾರಿಗೂ ಹೇಳಬಾರದೆಂದು ಮಾತು ತೆಗೆದುಕೊಂಡರು. ಕಾರಣ ಜಂಬ ಮಾತ್ರವಲ್ಲ. ಊರಿನಲ್ಲಿ ಗದ್ದೆಯ ಅಂಚಿನ ತಕರಾರು, ನೀರಿನ ತಕರಾರು, ಬಲೆಯ ಪಾಲಿನ ತಕರಾರು ಬಂದರೆ ಶಾಲೆಯ ಜಗಲಿಯಲ್ಲಿ ಪಂಚಾಯ್ತಿ ಸೇರುತ್ತಿತ್ತು. ಅಲ್ಲಿ ಕೊನೆಯ ಮಾತು ಸಿಗ್ನಲ್ ಶೆಟ್ರದು. ಎರಡೂ ಕಡೆಯದನ್ನು ಪೂರ್ತಿ ಕೇಳುವ ಮನುಷ್ಯ ಎಂದು ಮೀನು ಹಿಡಿಯುವ ಮೊಗವೀರರೂ ನಂಬುತ್ತಿದ್ದರು, ಗದ್ದೆ ಮಾಡುವ ಒಕ್ಕಲಿನವರೂ ನಂಬುತ್ತಿದ್ದರು. ಕೇಳುವುದಕ್ಕೇ ಹೆಸರಾದವನಿಗೆ ಕಿವಿ ಇಲ್ಲ ಎಂದು ತಿಳಿದರೆ, ಇಷ್ಟು ವರ್ಷ ಅವರು ಕೊಟ್ಟ ತೀರ್ಮಾನಗಳೆಲ್ಲ ಮತ್ತೆ ಜಗಲಿಗೆ ಬರುತ್ತಿದ್ದವು. ಊರಿಗೆ ಅವರಿಂದ ಬೇಕಾಗಿದ್ದದ್ದು ಆ ಕೇಳುವ ಗುಣವೊಂದೇ, ಅವರಿಗೂ ಉಳಿದಿದ್ದದ್ದು ಅದೊಂದೇ.

ಹಾಗಾಗಿ ನಾನು ಅವರ ಕಿವಿಯಾದೆ. ಮೋರ್ಸ್ ಕೋಡ್ ಕಲಿಸಿದರು, ಆ ಸಣ್ಣ ಮಿಂಚು ದೊಡ್ಡ ಮಿಂಚಿನ ಎ ಬಿ ಸಿ ಡಿಯನ್ನೇ. ಕನ್ನಡಿಯಲ್ಲಲ್ಲ, ಬೆರಳಿನಲ್ಲಿ. ಚುಕ್ಕಿಗೆ ಒಂದು ತಟ್ಟು, ಗೆರೆಗೆ ಒಂದು ಒತ್ತು. ಅವರ ಬೆನ್ನೇ ನನ್ನ ಸ್ಲೇಟು. ಪಂಚಾಯ್ತಿಗೆ ಹೋದರೆ ನಾನು ಹಿಂದೆ ಕಂಬಕ್ಕೆ ಒರಗಿ ಕೂತು, ಮುಖ ಕಾಣದ ಕಡೆಯಿಂದ ಯಾರು ಏನೆಂದರು ಎಂದು ಅವರ ಬೆನ್ನಿಗೆ ಕುಟ್ಟುತ್ತಿದ್ದೆ, ಇಂಗ್ಲಿಷಿನಲ್ಲಿ, ಟೆಲಿಗ್ರಾಮಿನಷ್ಟು ಚುಟುಕಾಗಿ. ಮಗಳಿಗೆ ಅಪ್ಪನ ಮೇಲೆ ಎಷ್ಟು ಪ್ರೀತಿ, ಬೆನ್ನು ಬಿಡುವುದಿಲ್ಲ ಎಂದು ಹೆಂಗಸರು ಹೇಳುತ್ತಿದ್ದರು. ಕಾನ್ವೆಂಟಿನ ಇಂಗ್ಲಿಷಿಗೆ ನನ್ನ ಜೀವನದಲ್ಲಿ ಅದಕ್ಕಿಂತ ದೊಡ್ಡ ಉಪಯೋಗ ಮತ್ತೆ ಸಿಗಲಿಲ್ಲ. ಕದ್ದ ತೆಂಗಿನಕಾಯಿಗೆ, ಹಾಯ್ದ ಎತ್ತಿಗೆ, ಮೂರನೆಯ ಕಾಲುವೆಯ ನೀರಿಗೆ ಸಿಸ್ಟರ್ ಇವಾಂಜಲಿನ್ ಕಲಿಸಿದ ಗ್ರಾಮರ್ ಹಚ್ಚಿ ಕಳಿಸಿದವಳು ನಾನು.

ಎರಡು ವರ್ಷ ಹೀಗೇ ನಡೆಯಿತು. ಆಮೇಲೆ ನಮ್ಮೂರಿಗೆ ಫೋನ್ ಬಂತು.

ಮನೆಗಲ್ಲ, ಪೋಸ್ಟಾಫೀಸಿಗೆ. ಊರಿಗೆಲ್ಲ ಒಂದು. ಉದ್ಘಾಟನೆಯ ದಿನ ಅದನ್ನು ಸ್ಟೂಲಿನ ಮೇಲೆ ಇಟ್ಟು, ಕುಂಕುಮ ಹಚ್ಚಿ, ಅಬ್ಬಲಿಗೆ ಮಾಲೆ ಸುತ್ತಿ, ತೆಂಗಿನಕಾಯಿ ಒಡೆದರು. ಹೆಡ್‌ಮಾಸ್ಟರ್ ಐತಾಳರದು ಎಲ್ಲ ವ್ಯವಸ್ಥೆ. ಮೊದಲನೆಯ ಮಾತು ಬೈಂದೂರಿಗೆ ಎಂದು ನಿಶ್ಚಯವಾಗಿತ್ತು. ಅಲ್ಲಿ ಆ ತುದಿಯಲ್ಲಿ ಬೊಂಬಾಯಿಯಲ್ಲಿ ಹೋಟೆಲ್ ಇಟ್ಟ ದೊಡ್ಡ ಮನುಷ್ಯರೊಬ್ಬರು, ರಜೆಗೆ ಬಂದವರು, ಕಾಯುತ್ತ ಕೂತಿರುತ್ತಾರೆ. ಹೆಸರು ಬೇಡ. ಈ ತುದಿಯಲ್ಲಿ ಮಾತಾಡುವವರು ಯಾರು ಎಂಬ ಚರ್ಚೆಯೇ ಆಗಲಿಲ್ಲ. ಐತಾಳರು ಹಿಂದಿನ ದಿನವೇ ನಮ್ಮ ಮನೆಗೆ ಬಂದಿದ್ದರು.

"ಹ್ವಾಯ್ ಶೆಟ್ರೆ, ನೀವಲ್ದೆ ಮತ್ಯಾರ್ ಮಾತಾಡ್ಕ್? ನಮ್ಗೆಲ್ಲ ಅದ್ರ್ ಬಾಯಿ ಯಾವ್ದ್, ಕೆಮಿ ಯಾವ್ದ್ ಅಂದೇ ಗೊತ್ತಿಲ್ಲೆ."

ಕೆಮಿ, ಅಂದರೆ ಕಿವಿ. ಅಪ್ಪಯ್ಯ ಅವರ ತುಟಿಯನ್ನೇ ನೋಡುತ್ತ ನಕ್ಕು ಒಪ್ಪಿಕೊಂಡರು. ಒಪ್ಪದೆ ಏನು ಮಾಡುವುದು? ಲಂಡನ್ನಿಗೆ ಫೋನ್ ಹೋದ ಕಥೆಯನ್ನು ಇಷ್ಟು ವರ್ಷ ಊರಿಗೆಲ್ಲ ಹೇಳಿದವರು ಬೈಂದೂರಿಗೆ ಮಾತಾಡಲು ಹಿಂಜರಿದರೆ ಯಾರಾದರೂ ಕಾರಣ ಹುಡುಕುತ್ತಾರೆ. ಆದರೆ ಫೋನಿಗೆ ತುಟಿ ಇಲ್ಲ. ಆ ರಾತ್ರಿ ಅವರು ಊಟ ಸರಿ ಮಾಡಲಿಲ್ಲ. ಬೆಳಿಗ್ಗೆ ನನ್ನನ್ನು ಕರೆದು, ತಾನು ರಿಸೀವರನ್ನು ಕಿವಿಯಿಂದ ಸ್ವಲ್ಪ ಓರೆಯಾಗಿ ಹಿಡಿಯುತ್ತೇನೆ, ನೀನು ಪಕ್ಕದಲ್ಲೇ ನಿಂತು ಕೇಳು, ಬೆನ್ನಿಗೆ ಕುಟ್ಟು ಎಂದರು. ಅವರ ಧ್ವನಿ ಅಷ್ಟು ಸಣ್ಣಗಾದದ್ದನ್ನು ನಾನು ಕೇಳಿರಲಿಲ್ಲ.

ಪೋಸ್ಟಾಫೀಸಿನ ಒಳಗೆ, ಜಗಲಿಯಲ್ಲಿ, ಕಿಟಕಿಯ ಸರಳಿನಲ್ಲಿ ಎಲ್ಲ ಜನ. ಅಪ್ಪಯ್ಯ ಕೋಟು ಹಾಕಿ ಕುರ್ಚಿಯಲ್ಲಿ ಕೂತಿದ್ದರು. ನಾನು ಕಾನ್ವೆಂಟಿನ ಫ್ರಾಕಿನಲ್ಲಿ ಅವರ ಭುಜಕ್ಕೆ ಅಂಟಿಕೊಂಡು ನಿಂತಿದ್ದೆ. ಫೋನಿನ ಗಂಟೆ ಬಡಿಯಿತು. ಪೋಸ್ಟ್ ಮಾಸ್ತರರು ರಿಸೀವರ್ ಎತ್ತಿ ಕೊಟ್ಟರು, ಮಾಲೆ ಸಮೇತ. ಆಚೆಯ ದೊಡ್ಡ ಮನುಷ್ಯರು ಕೂಗುತ್ತಿದ್ದ ರೀತಿಗೆ ಫೋನ್ ಇಲ್ಲದಿದ್ದರೂ ನಡೆಯುತ್ತಿತ್ತು. ಸುತ್ತ ನಿಂತವರಿಗೆ ಅದು ಬರೀ ಕರಕರ, ನನಗೆ ಮಾತ್ರ ಪ್ರತಿ ಮಾತೂ ಸ್ಪಷ್ಟ. ಮಾತು ಕೇಳುತ್ತದಾ ಎಂದರು. ಕುಟ್ಟಿದೆ. ಅಪ್ಪಯ್ಯ, ಚೆನ್ನಾಗಿ ಕೇಳುತ್ತದೆ ಸರ್ ಎಂದರು. ನಿಮ್ಮ ಕಡೆ ಮಳೆ ಹೇಗೆ ಎಂದರು. ಕುಟ್ಟಿದೆ. ಬಂಗಡೆ ಬಿತ್ತಾ ಎಂದರು. ಬಂಗಡೆಗೆ ಇಂಗ್ಲಿಷ್ ನನಗೆ ಬಾರದೆ ಫಿಶ್ ಎಂದು ಕುಟ್ಟಿದೆ. ಪ್ರತಿಯೊಂದಕ್ಕೂ ಹೊತ್ತು ಹಿಡಿಯುತ್ತಿತ್ತು. ನಾನು ಕೇಳಬೇಕು, ಇಂಗ್ಲಿಷ್ ಮಾಡಬೇಕು, ಅಕ್ಷರ ಅಕ್ಷರ ಕುಟ್ಟಬೇಕು, ಅವರು ಕೂಡಿಸಿಕೊಳ್ಳಬೇಕು. ಜಗಲಿಯಲ್ಲಿ ಯಾರೋ, ಬೈಂದೂರಿನಿಂದ ಮಾತು ಬರಲಿಕ್ಕೆ ಅಷ್ಟು ಹೊತ್ತು ಬೇಡವಾ ಎಂದು ಪಕ್ಕದವರಿಗೆ ತಿಳಿಸಿ ಹೇಳುತ್ತಿದ್ದರು. ಆ ಲೆಕ್ಕದಲ್ಲಿ ಬೊಂಬಾಯಿಗೆ ಅರ್ಧ ದಿನವಾದರೂ ಬೇಕು ಎಂದು ಇನ್ನೊಬ್ಬರು.

ಆದರೆ ಬೈಂದೂರಿನವರಿಗೆ ತಾಳ್ಮೆ ಮುಗಿಯಿತು. ಹಲೋ ಹಲೋ ಎಂದರು. ನಾನು ಹಲೋ ಕುಟ್ಟುವುದರೊಳಗೆ ಮತ್ತೆ ನಾಲ್ಕು ಹಲೋ. ಆಮೇಲೆ ಪಕ್ಕದಲ್ಲಿದ್ದವರಿಗೆ ಹೇಳುತ್ತಿದ್ದಾರೋ ನಮಗೇ ಹೇಳುತ್ತಿದ್ದಾರೋ, ನಗುತ್ತ ಹೇಳಿದರು.

"ಯಾರ್ ಮಾರಾಯ್ರೆ ಅದ್ ಕೆಪ್ಪ? ಫೋನ್ ಬೇರೆ ಯಾರಿಗಾರೂ ಕೊಡಿ."

ಕೆಪ್ಪ ಎಂದರೆ ನಮ್ಮಲ್ಲಿ ಕಿವುಡ. ನನ್ನ ಬೆರಳು ಅಪ್ಪಯ್ಯನ ಕೋಟಿನ ಮೇಲೆ ನಿಂತುಬಿಟ್ಟಿತು. ಅಪ್ಪಯ್ಯ ಕಾಯುತ್ತಿದ್ದರು. ಊರು ಕಾಯುತ್ತಿತ್ತು. ಒಂದು ಕ್ಷಣದಲ್ಲಿ ನಾನು ನಿರ್ಧಾರ ಮಾಡಿದೆ. ಮೆನಿ ಕಂಗ್ರಾಚುಲೇಷನ್ಸ್ ಟು ಯುವರ್ ವಿಲೇಜ್ ಎಂದು ಕುಟ್ಟಿದೆ, ಎಲ್ಲೂ ತಪ್ಪದೆ, ನನ್ನ ಆಯುಷ್ಯದಲ್ಲೇ ಅಷ್ಟು ಚಂದ ಕುಟ್ಟಿರಲಿಲ್ಲ. ಅಪ್ಪಯ್ಯ ನೆಟ್ಟಗೆ ಕೂತು, ಥ್ಯಾಂಕ್ಯೂ ಸರ್ ಎಂದು ಹೇಳಿ ಫೋನ್ ಇಟ್ಟರು. ಚಪ್ಪಾಳೆ. ಆಮೇಲೆ ಎಲ್ಲರಿಗೂ ಅವಲಕ್ಕಿ, ಬಾಳೆಹಣ್ಣು. ಐತಾಳರು ಅಪ್ಪಯ್ಯನ ಕೈ ಕುಲುಕಿದ್ದೇ ಕುಲುಕಿದ್ದು. ನಾನು ಎರಡು ಬಾಳೆಹಣ್ಣು ಹೆಚ್ಚಿಗೆ ತಿಂದೆ. ಅಪ್ಪಯ್ಯನನ್ನು ಉಳಿಸಿದವಳಲ್ಲವೇ ನಾನು.

ಮನೆಗೆ ಗದ್ದೆಯಂಚಿನ ದಾರಿ. ನಾನು ಮುಂದೆ, ಅವರು ಹಿಂದೆ. ಅರ್ಧ ದಾರಿಯಲ್ಲಿ ಅವರು ನಿಂತರು. ನಾನು ತಿರುಗಿದೆ.

"ಅವ ಕಡೇಗ್ ಎಂತ ಹೇಳ್ದ?"

ಕಂಗ್ರಾಚುಲೇಷನ್ಸ್ ಎಂದೆ, ತುಟಿ ಸರಿಯಾಗಿ ಬಿಡಿಸಿ.

"ಅಲ್ಲ ಮಗಾ. ಕೇಂಡ್ಕಂಡ್ ಕುಟ್ಟುವಾಗ ನೀ ತಡ್ದ್ ತಡ್ದ್ ಕುಟ್ಟ್ತೆ. ಕಡೇದ್ ಒಂದೇ ಓಟ. ಅದ್ ಅವಂದಲ್ಲ, ನಿಂದ್."

ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಬೇರೆಯವರ ಮಾತು ಸಾಗಿಸುವ ಬೆರಳಿಗೂ ತನ್ನ ಮಾತು ಹೇಳುವ ಬೆರಳಿಗೂ ನಡಿಗೆಯೇ ಬೇರೆ. ಗಡಿಯಲ್ಲಿ ಎಷ್ಟೋ ಮೈಲಿ ಆಚೆಯ ಆಪರೇಟರ್ ಯಾರು, ಇವತ್ತು ಅವನಿಗೆ ಜ್ವರವೋ ಸಿಟ್ಟೋ ಎಂದು ಬರೀ ಕಟಕಟ ಸದ್ದಿನಲ್ಲೇ ತಿಳಿಯುತ್ತಿದ್ದ ಮನುಷ್ಯನ ಬೆನ್ನ ಮೇಲೆ ನಾನು ಸುಳ್ಳು ಕುಟ್ಟಿದ್ದೆ. ನನಗೆ ಅಳು ಬಂತು. ಅವರು ಬೈಯಲಿಲ್ಲ. ಬಲಗೈ ಚಾಚಿ ಅಂಗೈ ಬಿಡಿಸಿದರು. ಅವ ಹೇಳಿದ ಹಾಗೆಯೇ ಕುಟ್ಟು ಎಂದರು.

ಬೇಡ ಎಂದು ತಲೆಯಾಡಿಸಿದೆ. ಅವರು ಕೈ ತೆಗೆಯಲಿಲ್ಲ. ಗದ್ದೆಯಲ್ಲಿ ಕೊಕ್ಕರೆಗಳು ಓಡಾಡುತ್ತಿದ್ದವು, ದೂರದಲ್ಲಿ ಸಮುದ್ರದ ಮೊರೆತ, ಅದೂ ನನಗೊಬ್ಬಳಿಗೇ. ಕೊನೆಗೆ ಅವರ ಅಂಗೈ ಹಿಡಿದು ಶುರುಮಾಡಿದೆ. ಹೂ ಈಸ್ ದಟ್. ಅಲ್ಲಿಗೆ ನಿಂತೆ. ಅವರು ಕಾದರು. ಒಂದು ಒತ್ತು, ಎರಡು ತಟ್ಟು, ಡಿ. ಒಂದೇ ತಟ್ಟು, ಇ. ತಟ್ಟಿ ಒತ್ತಿದೆ, ಎ. ಎರಡು ತಟ್ಟು, ಒಂದು ಒತ್ತು, ಮತ್ತೊಂದು ತಟ್ಟು, ಎಫ್. ಅಪ್ಪಯ್ಯನಿಗೇ ಮುಟ್ಟುವ ಹಾಗೆ ಅವರನ್ನು ಕಿವುಡ ಎಂದು ಕರೆದ ಮೊದಲನೆಯವಳು ನಾನೇ ಆದೆ. ಉಳಿದದ್ದನ್ನೂ ಕುಟ್ಟಿ ಮುಗಿಸಿದೆ. ಅವರು ಅಂಗೈ ಮುಚ್ಚಿದರು.

"ಸರಿಯಾಗೇ ಹೇಳಿದ್ನಲ್ಲ ಅವ," ಎಂದರು. "ಸರಿ ಇಪ್ಪದನ್ನ ನೀ ಎಂತಕ್ ತಿದ್ದದ್ದ್?"

ಇಷ್ಟು ವರ್ಷದ ಮೇಲೆ ಈಗ ನಾನು ಪ್ರೀತಿಗೆ ಎನ್ನಬಹುದು. ಆದರೆ ಅವರು ಆವತ್ತು ಇನ್ನೇನನ್ನೋ ಯೋಚಿಸುತ್ತಿದ್ದರು ಎಂದು ನನಗೆ ಆಮೇಲೆ ಅನಿಸಿದೆ. ಬೈಂದೂರಿನವನ ಒಂದು ಮಾತನ್ನು ತಿದ್ದಿದ ಹುಡುಗಿ, ಎರಡು ವರ್ಷ ಜಗಲಿಯಲ್ಲಿ ಕುಟ್ಟಿದ ಮಾತುಗಳಲ್ಲಿ ಯಾವುದನ್ನೂ ತಿದ್ದಿರಲಿಲ್ಲವೇ? ಯಾರದೋ ಬೈಗುಳ, ಯಾರದೋ ಕಣ್ಣೀರು, ಎಲ್ಲವನ್ನೂ ನಾನು ಹಾಗ್ಹಾಗೇ ಕಳಿಸಿದ್ದೆನೇ? ಆನೆಸ್ಟ್ಲಿ, ನನಗೆ ನೆನಪಿಲ್ಲ. ಅವರು ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಮುಂದಿನ ಭಾನುವಾರ ಪಂಚಾಯ್ತಿ ಇತ್ತು. ನೀರಿನದೇ ತಕರಾರು. ಅಪ್ಪಯ್ಯ ಹೊರಟಾಗ ನಾನೂ ಹೊರಟೆ. ಬೇಡ ಎಂದರು, ಮೆತ್ತಗೆ. ನನ್ನ ಹಳೆಯ ಸ್ಲೇಟೊಂದನ್ನು ಕೇಳಿದರು. ಯಾಕೆ ಎಂದೆ. ನನಗೆ ಕೇಳುವುದಿಲ್ಲ ಎಂದು ಮೊದಲೇ ಹೇಳುತ್ತೇನೆ, ಹೇಳುವವರು ಇದರ ಮೇಲೆ ಬರೆದು ತೋರಿಸಲಿ, ಬರೆಯಲಿಕ್ಕೆ ಬಾರದವರು ಎದುರು ಬಂದು ನಿಂತು ಹೇಳಲಿ, ಅದೂ ಬೇಡವಾದರೆ ಬೇರೆಯವರನ್ನು ನೋಡಿಕೊಳ್ಳಲಿ ಎಂದರು. ಸ್ಲೇಟನ್ನು ಕಂಕುಳಲ್ಲಿ ಇಟ್ಟುಕೊಂಡ ಅಪ್ಪಯ್ಯ, ಹಿಂದಿನಿಂದ ನೋಡಿದರೆ ಒಂದನೆಯ ಕ್ಲಾಸಿಗೆ ಹೊರಟವರ ಹಾಗೆ ಕಾಣುತ್ತಿದ್ದರು.

ನಾನು ಬೇಲಿಬಾಗಿಲಿನ ದಣಪೆಯ ಹತ್ತಿರ ನಿಂತು ನೋಡುತ್ತಿದ್ದೆ. ನಮ್ಮ ಮನೆಗೂ ಶಾಲೆಗೂ ನಡುವೆ ಬಸ್ಸಿನ ರಸ್ತೆ. ದಿನಕ್ಕೆ ನಾಲ್ಕು ಬಸ್ಸು, ಹಾರನ್ನು ಅರ್ಧ ಮೈಲಿಯಿಂದ ಕೇಳಿಸುತ್ತಿತ್ತು. ಆ ರಸ್ತೆಯನ್ನು ಯಾರೂ ಎಡಬಲ ನೋಡಿ ದಾಟುತ್ತಿರಲಿಲ್ಲ, ಜನರೆದುರು ಅಪ್ಪಯ್ಯನೂ. ಅಪ್ಪಯ್ಯ ಅಂಚಿಗೆ ಬಂದು ನಿಂತರು. ಬಲಕ್ಕೆ ನೋಡಿದರು. ಎಡಕ್ಕೆ ನೋಡಿದರು. ಮತ್ತೊಮ್ಮೆ ಬಲಕ್ಕೆ ನೋಡಿ, ಎಲ್ಲರಿಗೂ ಕಾಣುವ ಹಾಗೆ, ನಿಧಾನವಾಗಿ ದಾಟಿದರು.